ಮಲ್ಲಯ್ಯನ ದಾರಿಗೆ ಒಂದು ಸೈಜ್ ದೊಡ್ಡ ಬೂಟು

ಪ್ರೀತಿಯ ದೋಸ್ತ,

ಈ ಸಲ ಯುಗಾದಿಗೆ ಶ್ರೀಶೈಲದ ಮಲ್ಲಯ್ಯನ ಹತ್ತಿರ ನಡೆದೇ ಬರ್ತೀನಿ ಅಂತ ಬರೆದಿದ್ದೀಯ. ಓದಿ ಖುಷಿಯಾಯಿತು, ಸ್ವಲ್ಪ ಹೆದರಿಕೆಯೂ ಆಯಿತು. ಹೋದ ವರ್ಷ ನಾನು ಅರ್ಧಕ್ಕೇ ತಿರುಗಿ ಬಂದಾಗ ಜ್ವರ ಬಂತು ಅಂದಿದ್ದೆ, ನೆನಪಿದೆಯಾ? ಸುಳ್ಳು. ನನ್ನನ್ನು ಕೆಡಿಸಿದ್ದು ಬೂಟು.

ಹೊರಡುವ ಹಿಂದಿನ ದಿನ ಹೊಸದು ತಂದಿದ್ದೆ. ಹುನಗುಂದ ದಾಟುವಷ್ಟರಲ್ಲಿ ಕಾಲು ಬಾತು, ಹಿಮ್ಮಡಿಯಲ್ಲಿ ಅಡಿಕೆಯಷ್ಟು ಗುಳ್ಳೆ ಎದ್ದಿತ್ತು. ಮೂರನೇ ದಿನ ಮುದಗಲ್ ಹತ್ತಿರ ಬೇವಿನ ಗಿಡದ ಕೆಳಗೆ ಕೂತಿದ್ದೆ. ಮಲ್ಲಯ್ಯನ ಕೋಲು, ಅದೇ ಕಂಬಿ, ಹೆಗಲ ಮೇಲೆ ಹೊತ್ತವರ ಗುಂಪಿನ ಅಜ್ಜ ಒಬ್ಬ ಬಂದು ನನ್ನ ಕಾಲನ್ನು ತನ್ನ ತೊಡೆ ಮೇಲೆ ಎಳೆದುಕೊಂಡ. ಸೂಜಿಗೆ ಬಿಳಿ ದಾರ ಪೋಣಿಸಿ, ಗುಳ್ಳೆಯ ಈ ಕಡೆಯಿಂದ ಆ ಕಡೆಗೆ ತೆಗೆದು, ದಾರವನ್ನು ಅಲ್ಲೇ ಬಿಟ್ಟ. ನೀರು ದಾರದಗುಂಟ ಸೋರಿತು. ಡಾಕ್ಟರ್ ಕೇಳಿದರೆ ಬೈತಾರೆ, ಬಿಡು. ‘ತಮ್ಮಾ, ಬೂಟು ನಡ್ಯಾಕತ್ತಾವೋ, ನೀ ನಡ್ಯಾಕತ್ತೀಯೋ?’ ಅಂದ. ಅವನ ಕಾಲಲ್ಲಿ ಸವೆದ ರಬ್ಬರ್ ಚಪ್ಪಲಿ. ನಾನು ಸಂಜೆ ಕೆಂಪು ಬಸ್ ಹತ್ತಿದೆ.

ಅದಕ್ಕೇ ಹೇಳ್ತೀನಿ, ಬೂಟು ಈಗಲೇ ತಗೋ. ಒಂದು ಸೈಜ್ ದೊಡ್ಡದು. ಎರಡು ತಿಂಗಳು ಆಫೀಸಿಗೂ ಅದನ್ನೇ ಹಾಕು, ಯಾರು ನಕ್ಕರೂ ಸರಿ. ಶಿವರಾತ್ರಿಗೆ ಊರಿಗೆ ಬಂದಾಗ ಬಾಗಲಕೋಟೆಯಿಂದ ಬಾದಾಮಿ ಹತ್ತಿರದ ಬನಶಂಕರಿಗೆ ಒಮ್ಮೆ ನಡೆದುಬಿಡೋಣ, ಹತ್ತತ್ರ 40 ಕಿಲೋಮೀಟರ್. ಅದಾದ ಮೇಲೆ ಮರುದಿನ ಎದ್ದು ಮತ್ತೆ ನಡೆಯೋಕೆ ಆಗುತ್ತಾ ನೋಡಬೇಕು. ಅದೇ ಪರೀಕ್ಷೆ. ಒಂದು ದಿನ ಯಾರು ಬೇಕಾದರೂ ನಡೀತಾರೆ.

ಟೆಂಟ್ ತರಲಾ ಅಂತ ಕೇಳಿದ್ದೀಯಲ್ಲ, ಬೇಡ ಮಹಾರಾಯ. ಒಂದು ಚಾದರ ಸಾಕು. ದಾರಿಯುದ್ದಕ್ಕೂ ದಾಸೋಹ ಇರುತ್ತೆ. ರೊಟ್ಟಿ, ಶೇಂಗಾ ಚಟ್ನಿ, ಮಜ್ಜಿಗೆ, ಕಲ್ಲಂಗಡಿ ಎಲ್ಲ ಕರೆದು ಕರೆದು ಕೊಡ್ತಾರೆ. ಕಷ್ಟ ಬಿಸಿಲಿನದು. ರಾಯಚೂರು ಕಡೆ ಆಗ 40 ಡಿಗ್ರಿಗೆ ಬಂದಿರುತ್ತೆ. ಬೆಳಗಿನ ಜಾವ ಮೂರಕ್ಕೆ ಹೊರಟು ಹತ್ತಕ್ಕೆ ನಿಲ್ಲಬೇಕು, ಮತ್ತೆ ಸಂಜೆ ನಾಲ್ಕಕ್ಕೆ. ದಿನಕ್ಕೆ 35 ಕಿಲೋಮೀಟರ್ ಹಿಡಿದರೂ ಹತ್ತು-ಹನ್ನೆರಡು ದಿನ ಬೇಕು. ರಜೆ ಹದಿನೈದು ದಿನಕ್ಕೆ ಹಾಕು.

ಸಾಮಾನಿಗೆ ಟಂಟಂ ಆಟೋ ಇದೆ, ಆದರೆ ಕರ್ನೂಲು, ಆತ್ಮಕೂರು ದಾಟಿ ವೆಂಕಟಾಪುರಂ ತನಕ ಮಾತ್ರ. ಅಲ್ಲಿಂದ ನಲ್ಲಮಲ ಕಾಡು. ಗಾಡಿ ದೋರ್ನಾಲ ಮೇಲೆ ಸುತ್ತು ಹಾಕಿ ಬರುತ್ತೆ, ನಾವು ನಾಗಲೂಟಿ, ಪೆದ್ದಚೆರುವು ಮೇಲೆ ಕಾಲುದಾರಿ. ಹುಲಿ ಸಂರಕ್ಷಿತ ಕಾಡು ಅದು, ಹಬ್ಬಗಳ ಹೊತ್ತಿಗೆ ಮಾತ್ರ ಬಿಡ್ತಾರೆ. ಕೊನೆಗೆ ಭೀಮನಕೊಳ್ಳ. ಕೊಳ್ಳಕ್ಕೆ ಇಳಿಯಬೇಕು, ಆಮೇಲೆ ಕಲ್ಲಿನ ಮೆಟ್ಟಿಲು ಹತ್ತಬೇಕು. ನಮ್ಮ ಕಾಕಾ ಏಳು ಸಲ ಹೋಗಿ ಬಂದವನು, ಅಲ್ಲಿ ಮಾತ್ರ ಯಾರೂ ಮಾತಾಡಲ್ಲ ಅಂತಾನೆ. ಉಸಿರು ಉಳಿದಿರಬೇಕಲ್ಲ!

ನಮ್ಮವ್ವ, ಮಲ್ಲಯ್ಯನ ಹೆಂಡತಿ ಭ್ರಮರಾಂಬೆಗೆ ಅಂತ ಇಳಕಲ್ ಸೀರೆ ಕೊಟ್ಟಿದ್ದಳು. ನಮ್ಮ ಕಡೆ ಆಕೆ ಮನೆಮಗಳು, ಮಲ್ಲಯ್ಯ ಅಳಿಯ. ಹೋದ ವರ್ಷ ಆ ಸೀರೆ ನನ್ನ ಚೀಲದಲ್ಲೇ ವಾಪಸ್ ಬಂತು. ಅವ್ವ ಏನೂ ಅನ್ನಲಿಲ್ಲ. ಮಡಿಕೆ ಸರಿ ಮಾಡಿ ಮತ್ತೆ ಟ್ರಂಕಿನಲ್ಲಿ ಇಟ್ಟಳು. ಅಲ್ಲೇ ಇದೆ ಇನ್ನೂ.

ರಜೆ ಸಿಕ್ಕ ಕೂಡಲೇ ಫೋನ್ ಮಾಡು.

ನಿನ್ನ ದೋಸ್ತ,
ನವನಗರ, ಬಾಗಲಕೋಟೆ