ಟರ್ಬೊ ಕಾರಿಗೆ ರಾಡ್ ಕೊಳ್ಳುವ ಮುಂಚೆ ಟಾರ್ಕ್ ನೋಡಿ

ಸಂಪಾದಕರೇ,

ಟರ್ಬೊ ಎಂಜಿನ್ ರೀಬಿಲ್ಡ್ ಬಗ್ಗೆ ನಿಮ್ಮ ವಾಹನ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಹುಬ್ಬಳ್ಳಿಯಲ್ಲಿ ಎಂಜಿನ್ ಬೋರಿಂಗ್ ಅಂಗಡಿ ನಡೆಸುವವನು ನಾನು. ಲೇಖನ ಚೆನ್ನಾಗಿಯೇ ಇತ್ತು. ಆದರೆ ‘ಇಷ್ಟು ಹಾರ್ಸ್‌ಪವರ್ ದಾಟಿದರೆ ಫೋರ್ಜ್ಡ್ ಕನೆಕ್ಟಿಂಗ್ ರಾಡ್ ಹಾಕಿಸಿ’ ಎಂಬ ಸಾಲಿತ್ತಲ್ಲ, ಅದೊಂದನ್ನೇ ಹಿಡಿದುಕೊಂಡು ಹುಡುಗರು ಅಂಗಡಿಗೆ ಬರುತ್ತಿದ್ದಾರೆ. ಅದಕ್ಕೇ ಈ ಪತ್ರ. ಕನೆಕ್ಟಿಂಗ್ ರಾಡ್ ಅಂದರೆ ಪಿಸ್ಟನ್ನನ್ನು ಕ್ರ್ಯಾಂಕ್‌ಗೆ ಜೋಡಿಸುವ ಸಲಾಕೆ; ಫೋರ್ಜ್ಡ್ ಅಂದರೆ ಕಾಯಿಸಿದ ಉಕ್ಕನ್ನು ಬಡಿದು, ಒತ್ತಿ ಮಾಡಿದ್ದು.

ಮೊದಲನೆಯದಾಗಿ, ಕಾರಿನ ಜತೆ ಬರುವ ಕಂಪನಿ ರಾಡ್‌ಗಳೂ ಬಹುತೇಕ ಫೋರ್ಜ್ ಮಾಡಿದವೇ. ‘ಫೋರ್ಜ್ಡ್’ ಅಂದ ಮಾತ್ರಕ್ಕೆ ಗಟ್ಟಿ ಅಂತ ಅಲ್ಲ. ಯಾವ ಉಕ್ಕು, ಹೇಗೆ ಕಾಯಿಸಿ ಹದ ಮಾಡಿದ್ದಾರೆ, ಯಾವ ಬೋಲ್ಟ್ ಕೊಟ್ಟಿದ್ದಾರೆ ಎಂದು ಕೇಳಬೇಕು. ಒಳ್ಳೆಯ ರಾಡ್‌ಗಳು ಸಾಮಾನ್ಯವಾಗಿ 4340 ಉಕ್ಕಿನವು. ನಮ್ಮ ಕಡೆ ಲೇತ್ ಕೆಲಸದವರು ಇಎನ್24 ಅನ್ನುವುದು ಹೆಚ್ಚುಕಮ್ಮಿ ಇದನ್ನೇ.

ಎರಡನೆಯದು ಟಾರ್ಕ್, ಅಂದರೆ ಸಿಲಿಂಡರ್ ಒಳಗಿನ ಒತ್ತಡದಿಂದ ಹುಟ್ಟುವ ತಿರುಗಿಸುವ ಬಲ. ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಉದಾಹರಣೆ ತೆಗೆದುಕೊಳ್ಳಿ. 2004ರಲ್ಲಿ ನಮ್ಮಲ್ಲಿಗೆ ಬಂದ ಕಾರು, ಈಗಲೂ ಅದರ ಹುಚ್ಚು ಬಿಡದವರಿದ್ದಾರೆ. ಅದರ 1.8 ಲೀಟರ್ ಟರ್ಬೊ ಎಂಜಿನ್ ಬೋರ್ (ಸಿಲಿಂಡರ್ ಅಗಲ) 81 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 86.4 ಮಿ.ಮೀ. ಸಿಲಿಂಡರ್ ಒಳಗೆ 100 ಬಾರ್ ಒತ್ತಡ ಬಂತು ಅಂದುಕೊಳ್ಳಿ. ಪಿಸ್ಟನ್ ತಲೆಯ ಮೇಲೆ ಬೀಳುವ ಭಾರ 5 ಟನ್ ದಾಟುತ್ತದೆ. ಅಷ್ಟೂ ರಾಡ್ ಮೇಲೆಯೇ. ಇನ್ನು 6,500 ಆರ್‌ಪಿಎಂನಲ್ಲಿ ಪಿಸ್ಟನ್ ಮೇಲೆ ಹೋಗಿ ಹಿಂತಿರುಗುವಾಗ ರಾಡನ್ನು ಎಳೆಯುತ್ತದೆ. ಪಿಸ್ಟನ್, ಪಿನ್ ಸೇರಿ ಅರ್ಧ ಕೆ.ಜಿ. ಇದ್ದರೆ ಆ ಎಳೆತ ಸುಮಾರು 1.3 ಟನ್. ಒತ್ತುವ ಭಾರ ಬೂಸ್ಟ್ (ಟರ್ಬೊ ಒಳಗೆ ತಳ್ಳುವ ಗಾಳಿಯ ಒತ್ತಡ) ಜತೆ ಏರುತ್ತದೆ, ಎಳೆತ ಆರ್‌ಪಿಎಂ ವರ್ಗಕ್ಕೆ ತಕ್ಕಂತೆ ಏರುತ್ತದೆ. ಎಳೆತ ಜಾಸ್ತಿಯಾದರೆ ಮೊದಲು ಸೋಲುವುದು ಬೋಲ್ಟ್. ಒತ್ತಡ ಜಾಸ್ತಿಯಾದರೆ ರಾಡ್ ನಡುವಿನಲ್ಲಿ ಬಗ್ಗುತ್ತದೆ.

ರೀಮ್ಯಾಪ್ ಮಾಡಿಸಿದ, ಅಂದರೆ ಎಂಜಿನ್ ಕಂಪ್ಯೂಟರ್ ಸೆಟ್ಟಿಂಗ್ ಬದಲಿಸಿ ಶಕ್ತಿ ಏರಿಸಿದ ಟರ್ಬೊ ಕಾರುಗಳಲ್ಲಿ ಆಗುವುದು ಹೆಚ್ಚಾಗಿ ರಾಡ್ ಬಗ್ಗುವುದೇ. ಐದನೇ ಗೇರ್‌ನಲ್ಲಿ 2,000 ಆರ್‌ಪಿಎಂ ಇರುವಾಗ ಪೆಡಲ್ ಪೂರ್ತಿ ತುಳಿಯುತ್ತಾರೆ. ಬೂಸ್ಟ್ ಒಮ್ಮೆಲೇ ಏರುತ್ತದೆ. ಡೈನೊ (ಎಂಜಿನ್ ಶಕ್ತಿ ಅಳೆಯುವ ಯಂತ್ರ) ಚೀಟಿಯಲ್ಲಿ ಕಾಣುವ ಹಾರ್ಸ್‌ಪವರ್ ಅಂಕಿ 5,500ರ ಮೇಲಿನದು, ರಾಡ್‌ಗೆ ಪೆಟ್ಟು ಬಿದ್ದದ್ದು ಅದಕ್ಕಿಂತ ಎಷ್ಟೋ ಮೊದಲು.

ರಾಡ್ ನಡುವಿನ ಆಕಾರ ಎಚ್ ಬೀಮ್ ಒಳ್ಳೆಯದಾ, ಐ ಬೀಮ್ ಒಳ್ಳೆಯದಾ ಎಂಬ ಜಗಳ ನನಗೆ ಬೇಜಾರು. ರಸ್ತೆಯ ಕಾರಿಗೆ ಸರಿಯಾಗಿ ಮಾಡಿದ ಯಾವುದಾದರೂ ನಡೆಯುತ್ತದೆ. ನೋಡಬೇಕಾದದ್ದು ಅಳತೆ. ಈ 1.8 ಎಂಜಿನ್‌ನಲ್ಲೇ ಪಿಸ್ಟನ್ ಪಿನ್ 19 ಮಿ.ಮೀ. ಇರುವುದೂ ಉಂಟು, 20 ಮಿ.ಮೀ. ಇರುವುದೂ ಉಂಟು. ಬಿಚ್ಚಿ ಅಳೆಯದೆ ಆರ್ಡರ್ ಮಾಡಿದವರು ಆಮೇಲೆ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ.

ಇತ್ತೀಚೆಗೆ ಒಬ್ಬ ಗಿರಾಕಿ ಆನ್‌ಲೈನ್‌ನಲ್ಲಿ ತರಿಸಿದ ಎಚ್ ಬೀಮ್ ಸೆಟ್ ತಂದರು. ಶೋಕೇಸ್‌ನಲ್ಲಿ ಇಡಬೇಕು ಅನ್ನಿಸುವಷ್ಟು ಥಳಥಳ. ಕ್ಯಾಪ್ (ರಾಡ್‌ನ ಕೆಳ ಅರ್ಧ ಮುಚ್ಚಳ) ಕೂರಿಸಿ ಬೋಲ್ಟ್ ಬಿಗಿದು, ಕ್ರ್ಯಾಂಕ್ ಕಡೆಯ ದೊಡ್ಡ ತೂತು ಬಿಗ್ ಎಂಡ್ ಒಳಗೆ ಬೋರ್ ಗೇಜ್ ಇಟ್ಟು ನಿಧಾನ ತಿರುಗಿಸಿದೆ. ಮುಳ್ಳು ಒಂದು ಕಡೆ ನಿಂತಿತ್ತು, ಕಾಲು ಸುತ್ತು ಬರುವಷ್ಟರಲ್ಲಿ 0.03 ಮಿ.ಮೀ. ಆಚೆ ಹೋಯಿತು. ಅಲ್ಲಿ ಎಣ್ಣೆಗೆ ಬಿಡುವ ಸಂದೇ ಸುಮಾರು 0.05 ಮಿ.ಮೀ. ಅಂದಮೇಲೆ ಬೇರಿಂಗ್ ಎಷ್ಟು ದಿನ ಬಾಳೀತು? ಜತೆಗೆ ಟೆಸ್ಟ್ ಸರ್ಟಿಫಿಕೇಟ್ ಇಲ್ಲ, ಉಕ್ಕಿನ ದರ್ಜೆ ಬರೆದಿಲ್ಲ, ಕೇಳಿದರೆ ಮಾರಿದವರ ಉತ್ತರವೂ ಇಲ್ಲ. ಹೋನಿಂಗ್ ಮಾಡಿ, ಅಂದರೆ ತೂತನ್ನು ನಯವಾಗಿ ಉಜ್ಜಿ ಸರಿಪಡಿಸಬಹುದಿತ್ತು. ಬೋಲ್ಟ್ ಮೇಲೆ ನಂಬಿಕೆ ಬರಲಿಲ್ಲ, ವಾಪಸ್ ಕಳಿಸಿ ಅಂದೆ.

ಬೋಲ್ಟ್ ವಿಷಯ ಯಾರೂ ಮಾತಾಡುವುದಿಲ್ಲ. ಇತ್ತೀಚಿನ ಹೆಚ್ಚಿನ ಎಂಜಿನ್‌ಗಳಲ್ಲಿ ಕಂಪನಿ ಬೋಲ್ಟ್ ಒಮ್ಮೆ ಬಿಗಿದರೆ ಹಿಗ್ಗಿಬಿಡುತ್ತದೆ. ಬಿಚ್ಚಿದರೆ ಹೊಸದೇ ಹಾಕಬೇಕು. ಹೊರಗಿನ ರಾಡ್‌ಗಾದರೆ ಟಾರ್ಕ್ ರೆಂಚ್ ಒಂದನ್ನೇ ನಂಬದೆ, ಬೋಲ್ಟ್ ಎಷ್ಟು ಉದ್ದವಾಯಿತು ಎಂದು ಗೇಜ್ ಇಟ್ಟು ನೋಡುವುದು ಸರಿ. ಥ್ರೆಡ್‌ಗೆ ಯಾವ ಗ್ರೀಸ್ ಹಚ್ಚಿದಿರಿ ಎಂಬುದರ ಮೇಲೇ ರೆಂಚ್ ತೋರಿಸುವ ಅಂಕಿಯ ಅರ್ಥ ಬದಲಾಗುತ್ತದೆ. ಇನ್ನು ಒಡೆದು ಬೇರೆ ಮಾಡಿದ ಕ್ಯಾಪ್‌ಗಳ ರಾಡ್ ಇದ್ದರೆ ಕ್ಯಾಪ್ ಅದಲುಬದಲು ಆಗಲೇಬಾರದು. ಆ ಒರಟು ಮುಖ ತನ್ನ ಜೋಡಿಗೆ ಮಾತ್ರ ಕೂರುತ್ತದೆ.

ಮಳೆಗಾಲದ ಮಾತೂ ಹೇಳಿಬಿಡುತ್ತೇನೆ. ಅಂಡರ್‌ಪಾಸ್‌ನಲ್ಲಿ ನೀರು ಕುಡಿದ ಎಂಜಿನ್ ಒಣಗಿಸಿ ಸ್ಟಾರ್ಟ್ ಆಯಿತು ಅಂದರೆ ಬಚಾವ್ ಅಂದುಕೊಳ್ಳುತ್ತಾರೆ. ಗಾಳಿಯಂತೆ ನೀರು ಕುಗ್ಗುವುದಿಲ್ಲ, ಆ ಪೆಟ್ಟು ರಾಡ್‌ಗೇ. ಹೆಡ್ ತೆಗೆದು ಒಂದೊಂದೇ ಪಿಸ್ಟನ್ ತುದಿಗೆ ತಂದು ಡಯಲ್ ಗೇಜ್ ಇಡಿ. ಯಾವುದೋ ಒಂದು ಉಳಿದವಕ್ಕಿಂತ ಕೆಳಗೇ ನಿಂತರೆ ಆ ರಾಡ್ ಬಗ್ಗಿದೆ. ಕಾರು ಹಾಗೇ ಸ್ವಲ್ಪ ಓಡಿದ್ದರೆ ಸಿಲಿಂಡರ್ ಮೇಲಂಚಿನ ಮಸಿ ಪಟ್ಟಿ ಅಲ್ಲಿ ಅಗಲವಾಗಿರುತ್ತದೆ. ಕಣ್ಣಿಗೆ ರಾಡ್ ನೆಟ್ಟಗೇ ಕಾಣುತ್ತದೆ, ಅದೇ ಮೋಸ. ಅಂಥ ರಾಡ್ ಒತ್ತಿ ನೆಟ್ಟಗೆ ಮಾಡಿ ಟರ್ಬೊ ಎಂಜಿನ್‌ಗೆ ಮತ್ತೆ ಹಾಕಿಸಬೇಡಿ, ಯಾರು ಎಷ್ಟೇ ಅಗ್ಗಕ್ಕೆ ಮಾಡಿಕೊಟ್ಟರೂ.

ಆಕ್ಟೇವಿಯಾದ ಮೂಲ ಟಾರ್ಕ್ 210 ನ್ಯೂಟನ್ ಮೀಟರ್. ಅದನ್ನು 280ರ ತನಕ ಒಯ್ಯುವವರು ಕಂಪನಿ ರಾಡ್ ಅಳೆದು, ತೂಕ ಸರಿಸಮ ಮಾಡಿಸಿ, ಹೊಸ ಬೋಲ್ಟ್ ಹಾಕಿಸಿದರೆ ಸಾಕು ಎಂಬುದು ನನ್ನ ಅಭಿಪ್ರಾಯ. ರೀಮ್ಯಾಪ್ ಮಾಡುವವರಿಗೆ 3,000 ಆರ್‌ಪಿಎಂ ಒಳಗೆ ಬೂಸ್ಟ್ ಸ್ವಲ್ಪ ತಡೆದು ಕೊಡಿ ಅನ್ನಿ. 400ರ ಹತ್ತಿರ ಹೋಗುವ ಆಸೆ ಇದ್ದರೆ ಮಾತ್ರ ರಾಡ್ ಸೆಟ್ಟಿಗೆ ದುಡ್ಡು ಹಾಕಿ.

ಪುರವಣಿಯಲ್ಲಿ ಮುಂದೆ ಇಂಥ ಲೇಖನ ಹಾಕುವಾಗ ಹಾರ್ಸ್‌ಪವರ್ ಅಂಕಿಯ ಪಕ್ಕದಲ್ಲಿ ಟಾರ್ಕ್ ಎಷ್ಟು, ಯಾವ ಆರ್‌ಪಿಎಂನಲ್ಲಿ ಎಂಬ ಗ್ರಾಫನ್ನೂ ದಯವಿಟ್ಟು ಅಚ್ಚು ಹಾಕಿ. ಹುಡುಗರು ಅದನ್ನು ಕತ್ತರಿಸಿಕೊಂಡು ಬಂದರೆ ನನಗೂ ವಿವರಿಸುವುದು ಸುಲಭ.

— ಎಂಜಿನ್ ಬೋರಿಂಗ್ ಅಂಗಡಿಯ ಓದುಗ, ಹುಬ್ಬಳ್ಳಿ