ಹಾಡು ಕೊಳ್ಳಲು ಒಪ್ಪದವರ ಹೆಸರೂ ಬರಲಿ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಅಮೆರಿಕದ ಕಂಟ್ರಿ (ಅಲ್ಲಿನ ಹಳ್ಳಿಗಾಡಿನ ಮೂಲದ ಸಂಗೀತ) ಗಾಯಕ ವಿಲ್ಲಿ ನೆಲ್ಸನ್ ಅವರ ಆರಂಭದ ದಿನಗಳ ಲೇಖನ ಓದಿ ಖುಷಿಯಾಯಿತು. ಕನ್ನಡದಲ್ಲಿ ಈ ಸಂಗೀತದ ಬಗ್ಗೆ ಬರೆಯುವವರೇ ಕಡಿಮೆ. ಆದರೆ ಲೇಖನ ಅವರನ್ನು ತಾವು ಬರೆದ ಹಾಡುಗಳ ಹಕ್ಕನ್ನೇ ಅಗ್ಗಕ್ಕೆ ಮಾರಿ ಮೋಸಹೋದವರೆಂದು ತೋರಿಸಿ ಅಲ್ಲಿಗೇ ಮುಗಿದಿದೆ. ಅದು ಅರ್ಧ ಕಥೆ ಮಾತ್ರ.

ಹಾಡು ಮಾರಿದ್ದು ನಿಜ. ಆಗ ಅವರು ಟೆಕ್ಸಾಸ್‌ನ ಹ್ಯೂಸ್ಟನ್‌ನಲ್ಲಿದ್ದರು. ಹೆಂಡತಿ, ಮೂವರು ಮಕ್ಕಳು, ಕೈಯಲ್ಲಿ ಕಾಸಿಲ್ಲ. 'ಫ್ಯಾಮಿಲಿ ಬೈಬಲ್' ಹಾಡನ್ನು 50 ಡಾಲರ್‌ಗೆ, 'ನೈಟ್ ಲೈಫ್' ಅನ್ನು 150 ಡಾಲರ್‌ಗೆ ಕೊಟ್ಟುಬಿಟ್ಟರು. 1960ರಲ್ಲಿ ಕ್ಲಾಡ್ ಗ್ರೇ ಹಾಡಿದ 'ಫ್ಯಾಮಿಲಿ ಬೈಬಲ್' ಜನಪ್ರಿಯ ಕಂಟ್ರಿ ಹಾಡುಗಳ ಪಟ್ಟಿಯಲ್ಲಿ ಮೊದಲ ಹತ್ತರೊಳಗೆ ಬಂತು. ಬರೆದವರ ಜಾಗದಲ್ಲಿ ಮಾತ್ರ ನೆಲ್ಸನ್ ಹೆಸರಿರಲಿಲ್ಲ. ಆದರೂ ಕೊಂಡವರನ್ನು ಸುಮ್ನೆ ಖಳನಾಯಕರನ್ನಾಗಿ ಮಾಡುವುದು ಸರಿಯಲ್ಲ. ಕೊಂಡವರಲ್ಲಿ ಒಬ್ಬರಾದ ಪಾಲ್ ಬಸ್ಕರ್ಕ್, ನೆಲ್ಸನ್‌ರ ಸ್ನೇಹಿತರೇ. ತಮ್ಮ ಸಂಗೀತ ಶಾಲೆಯಲ್ಲಿ ಗಿಟಾರ್ ಪಾಠ ಹೇಳುವ ಕೆಲಸ ಕೊಟ್ಟವರೂ ಅವರೇ.

ಲೇಖನದಲ್ಲಿ ಬಿಟ್ಟುಹೋಗಿರುವುದು ಕೊಳ್ಳಲು ಒಪ್ಪದವರ ಕಥೆ. ಎಸ್ಕ್ವೈರ್ ಬಾಲ್‌ರೂಂ ಎಂಬ ಡ್ಯಾನ್ಸ್ ಹಾಲ್‌ನಲ್ಲಿ ಲ್ಯಾರಿ ಬಟ್ಲರ್ ಬ್ಯಾಂಡ್ ನಡೆಸುತ್ತಿದ್ದರು. ನೆಲ್ಸನ್ ಗಿಟಾರ್ ಹಿಡಿದು ಅಲ್ಲಿಗೆ ಹೋದರು. ಹಾಡಿ ತೋರಿಸಿ, ಒಂದೊಂದು ಹಾಡಿಗೆ 10 ಡಾಲರ್ ಕೊಟ್ಟರೆ ಸಾಕು ಅಂದರು. ಇಷ್ಟು ಒಳ್ಳೆಯ ಹಾಡುಗಳನ್ನು ಆ ಬೆಲೆಗೆ ಮಾರಬಾರದು ಎಂದು ಬಟ್ಲರ್ ಒಪ್ಪಲಿಲ್ಲ. ಬರಿಗೈಯಲ್ಲೂ ಕಳಿಸಲಿಲ್ಲ. 50 ಡಾಲರ್ ಸಾಲ ಕೊಟ್ಟು, ತಮ್ಮ ಬ್ಯಾಂಡ್‌ನಲ್ಲೇ ಕೆಲಸ ಕೊಟ್ಟರು. ಹತ್ತು ಡಾಲರ್‌ಗೆ ಹಾಡು ಸಿಗುವಾಗ ಬೇಡ ಅನ್ನಲು ಎಂಥ ಮನಸ್ಸು ಬೇಕು, ಅಲ್ವಾ?

1960ರಲ್ಲಿ ನೆಲ್ಸನ್ ಕಂಟ್ರಿ ಸಂಗೀತದ ಕೇಂದ್ರವಾದ ನ್ಯಾಶ್‌ವಿಲ್ ಸೇರಿದರು. ಅಲ್ಲಿ ಅವರ ಹಾಡು ಕೇಳಿದ ಗೀತರಚನೆಕಾರ ಹ್ಯಾಂಕ್ ಕಾಕ್ರನ್, ತಾವು ಕೆಲಸ ಮಾಡುತ್ತಿದ್ದ ಹಾಡು ಪ್ರಕಟಿಸುವ ಕಂಪನಿ ಪ್ಯಾಂಪರ್ ಮ್ಯೂಸಿಕ್‌ಗೆ ಶಿಫಾರಸು ಮಾಡಿದರು. ಕಾಕ್ರನ್‌ಗೆ ಸಂಬಳ ಹೆಚ್ಚಿಸುವುದೋ, ಹೊಸಬರನ್ನು ಸೇರಿಸಿಕೊಳ್ಳುವುದೋ, ಎರಡರಲ್ಲಿ ಒಂದೇ ಸಾಧ್ಯವಿತ್ತು. ಕಾಕ್ರನ್ ತಮ್ಮ ಹೆಚ್ಚುವರಿ ಸಂಬಳ ಬಿಟ್ಟುಕೊಟ್ಟರು. ನೆಲ್ಸನ್‌ಗೆ ವಾರಕ್ಕೆ 50 ಡಾಲರ್ ನಿಗದಿಯಾಯಿತು. ಆ ಕಂಪನಿಯ ಗ್ಯಾರೇಜಿನಲ್ಲಿ ಕೂತು ಬರೆದ ಹಾಡೇ 'ಹಲೋ ವಾಲ್ಸ್'. ಫ್ಯಾರನ್ ಯಂಗ್ ಹಾಡಿದರು. ರಾಯಲ್ಟಿ (ಬರೆದವರಿಗೆ ಸಿಗುವ ಪಾಲು) ಬರುವವರೆಗೂ ಕಾಯಲಾಗದೆ ನೆಲ್ಸನ್ ಅದನ್ನೂ 500 ಡಾಲರ್‌ಗೆ ಮಾರಲು ಹೊರಟರು. ಯಂಗ್ ಕೊಳ್ಳಲಿಲ್ಲ, ಅಷ್ಟೇ ಹಣ ಸಾಲ ಕೊಟ್ಟರು. 1961ರಲ್ಲಿ ಹಾಡು ಒಂಬತ್ತು ವಾರ ಕಂಟ್ರಿ ಪಟ್ಟಿಯ ಮೊದಲ ಸ್ಥಾನದಲ್ಲಿತ್ತು.

ಅದೇ ವರ್ಷ ನೆಲ್ಸನ್ ಬರೆದ 'ಕ್ರೇಜಿ'ಯನ್ನು ಗಾಯಕಿ ಪ್ಯಾಟ್ಸಿ ಕ್ಲೈನ್ ಹಾಡಿದರು. ನೆಲ್ಸನ್ ಹಾಡುವಾಗ ಮಾತುಗಳು ತಾಳದ ಜೊತೆಗೇ ಬರುವುದಿಲ್ಲ, ಒಮ್ಮೆ ಹಿಂದೆ ಉಳಿಯುತ್ತವೆ, ಒಮ್ಮೆ ಮುಂದೆ ಓಡುತ್ತವೆ. ಕ್ಲೈನ್‌ಗೂ ಆರಂಭದಲ್ಲಿ ಅದು ಹಿಡಿತಕ್ಕೆ ಸಿಗಲಿಲ್ಲ. ಈ ರೀತಿಯೇ ನನಗೆ ಜಾಸ್ತಿ ಇಷ್ಟ. ಆದರೆ ಅವರ ಸ್ವಂತ ದನಿಯನ್ನು ದೊಡ್ಡ ಸಂಖ್ಯೆಯ ಜನ ಒಪ್ಪಿಕೊಂಡದ್ದು 1970ರ ದಶಕದಲ್ಲಿ.

ಲೇಖನದ ಮುಂದಿನ ಕಂತು ಇದ್ದರೆ ಬಟ್ಲರ್, ಕಾಕ್ರನ್, ಯಂಗ್ ಮೂವರಿಗೂ ದಯವಿಟ್ಟು ನಾಲ್ಕು ಸಾಲು ಕೊಡಿ. ಇನ್ನೊಂದು ಕೋರಿಕೆ. ಹಾಡಿನ ಹೆಸರು ಅಚ್ಚು ಹಾಕುವಾಗ ಬರೆದವರ ಹೆಸರೂ ಪಕ್ಕದಲ್ಲಿರಲಿ. ಅದೇ ಪುಟದ ಚಿತ್ರದ ಕೆಳಗೆ 'ಕ್ರೇಜಿ'ಯನ್ನು ಪ್ಯಾಟ್ಸಿ ಕ್ಲೈನ್ ಹಾಡು ಎಂದಷ್ಟೇ ಹಾಕಿದ್ದೀರಿ.

ಇಂತಿ,
ಪುರವಣಿಯ ಓದುಗ, ಶಿವಮೊಗ್ಗ