ಯುವಿಸಿಇಯಲ್ಲಿ ಸೀಟು ಸಿಗುವ ಸಾಧ್ಯತೆ: ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರ. ಸಿಇಟಿ ಮುಗಿದ ಮಾರನೆಯ ದಿನದಿಂದಲೂ ಕಾಲೇಜಿನ ಕಚೇರಿಗೆ ಬರುತ್ತಿರುವ ತಂದೆತಾಯಂದಿರು ಕೇಳುತ್ತಿರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಸರ್, ನಮ್ಮ ಹುಡುಗಿಗೆ ಯುವಿಸಿಇ ಸಿಗಬಹುದಾ?" ಬಾಗಿಲಲ್ಲಿ ನಿಂತವರಿಗೆ "ಸಿಗುತ್ತೆ" ಎಂದೋ "ಕಷ್ಟ" ಎಂದೋ ಒಂದು ಮಾತು ಹೇಳಿ ಕಳುಹಿಸುವುದು ಸರಿಯಲ್ಲ ಎನ್ನಿಸಿ, ಆ ಪ್ರಶ್ನೆಗೆ ಉತ್ತರವನ್ನು ನೀವೇ ಮನೆಯಲ್ಲಿ ಕುಳಿತು ಕಂಡುಕೊಳ್ಳುವ ಬಗೆಯನ್ನು ಈ ಪತ್ರದಲ್ಲಿ ಬರೆಯುತ್ತಿದ್ದೇನೆ. ದಯವಿಟ್ಟು ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದಿ.

ಬೆಂಗಳೂರಿನ ಕೆ.ಆರ್. ವೃತ್ತದಲ್ಲಿರುವ ಯುವಿಸಿಇ, ಅಂದರೆ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜು, 1917ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ ಆರಂಭವಾದದ್ದು. ಬಹುಕಾಲ ಬೆಂಗಳೂರು ವಿಶ್ವವಿದ್ಯಾಲಯದ ಅಧೀನದಲ್ಲಿದ್ದ ಅದಕ್ಕೆ, 2021ರಲ್ಲಿ ರಾಜ್ಯ ಸರ್ಕಾರ ಮಾಡಿದ ಕಾನೂನಿನಿಂದಾಗಿ ಐಐಟಿಗಳ ಮಾದರಿಯ ಸ್ವಾಯತ್ತತೆ ದೊರೆತಿದೆ. ಕೊಬ್ಬರಿ ಮಾರಿದ ಹಣದಲ್ಲೇ ಮನೆಯನ್ನೂ ಮಕ್ಕಳ ಓದನ್ನೂ ತೂಗಿಸುವ ನಮ್ಮ ತಿಪಟೂರು ಸೀಮೆಯ ಕುಟುಂಬಗಳಿಗೆ, ಸರ್ಕಾರಿ ಶುಲ್ಕದಲ್ಲಿ ಇಂಥ ಸಂಸ್ಥೆಯೊಂದರಲ್ಲಿ ಓದುವ ಅವಕಾಶ ಎಷ್ಟು ದೊಡ್ಡದೆಂಬುದನ್ನು ನಾನು ಬಲ್ಲೆ. ಆದ್ದರಿಂದಲೇ ಆ ಅವಕಾಶವನ್ನು ಊಹೆಯ ಮೇಲೆ ಬಿಟ್ಟುಕೊಡಬಾರದು, ಊಹೆಯನ್ನು ನಂಬಿ ನೆಚ್ಚಿಕೊಂಡೂ ಕೂರಬಾರದು.

ಮೊದಲು ರ್‍ಯಾಂಕಿನ ವಿಷಯ. ಎಂಜಿನಿಯರಿಂಗ್ ರ್‍ಯಾಂಕಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತದ ಅಂಕಗಳಿಂದ ಅರ್ಧ, ಅದೇ ಮೂರು ವಿಷಯಗಳ ಸಿಇಟಿ ಅಂಕಗಳಿಂದ ಅರ್ಧ ತೂಕ ಸೇರುತ್ತದೆ. ಪಿಯುಸಿಯಲ್ಲಿ 300ಕ್ಕೆ 276 ಬಂದಿದ್ದರೆ ಅದು ಶೇ. 92, ಸಿಇಟಿಯಲ್ಲಿ 180ಕ್ಕೆ 108 ಬಂದಿದ್ದರೆ ಅದು ಶೇ. 60, ಎರಡರ ಸರಾಸರಿ 76. ಈ 76 ಎಂಬ ಸಂಖ್ಯೆಯನ್ನು ಕೀ ಉತ್ತರಗಳು ಪ್ರಕಟವಾದ ದಿನವೇ ನೀವು ಲೆಕ್ಕ ಹಾಕಿಕೊಳ್ಳಬಹುದು. ಆದರೆ ಅದು ಎಷ್ಟನೆಯ ರ್‍ಯಾಂಕ್ ಆಗುತ್ತದೆ ಎಂಬುದು ನಿಮ್ಮ ಮಗುವಿನ ಕೈಯಲ್ಲಿಲ್ಲ, ಉಳಿದ ಲಕ್ಷಾಂತರ ಮಕ್ಕಳು ಹೇಗೆ ಬರೆದಿದ್ದಾರೆ ಎಂಬುದರಲ್ಲಿದೆ. ಹೋದ ವರ್ಷ ನೆಂಟರ ಹುಡುಗನಿಗೆ ಇಷ್ಟೇ ಅಂಕಕ್ಕೆ ಇಂತಿಷ್ಟು ರ್‍ಯಾಂಕ್ ಬಂದಿತ್ತು ಎಂಬ ಹೋಲಿಕೆ ಬಹಳ ಸಲ ದಾರಿ ತಪ್ಪಿಸುವುದು ಇಲ್ಲಿಯೇ. 2021ರಲ್ಲಿ ಕೋವಿಡ್‌ನಿಂದಾಗಿ ಪಿಯು ಪರೀಕ್ಷೆ ರದ್ದಾಗಿ ರ್‍ಯಾಂಕನ್ನು ಸಿಇಟಿ ಅಂಕಗಳಿಂದ ಮಾತ್ರ ಕೊಟ್ಟರು. 2024ರಲ್ಲಿ ಪಠ್ಯಕ್ರಮದ ಹೊರಗಿನ ಪ್ರಶ್ನೆಗಳು ಬಂದವೆಂದು ಅವುಗಳನ್ನು ಮೌಲ್ಯಮಾಪನದಿಂದ ಕೈಬಿಡಬೇಕಾಯಿತು. ಒಂದೊಂದು ವರ್ಷದ ಅಂಕಕ್ಕೂ ಒಂದೊಂದು ಬೆಲೆ. ವೈದ್ಯಕೀಯ ಸೀಟಿನ ಆಸೆಯಿಂದ ನೀಟ್ ಬರೆದವರ ಪೋಷಕರಿಗೆ ಇದು ಇನ್ನೂ ಚೆನ್ನಾಗಿ ಗೊತ್ತು: 2024ರ ಪರಿಷ್ಕೃತ ಫಲಿತಾಂಶದಲ್ಲಿ 17 ಮಂದಿಗೆ 720ಕ್ಕೆ 720 ಬಂದಿದ್ದರೆ, 2025ರಲ್ಲಿ ದೇಶಕ್ಕೇ ಮೊದಲಿಗರಾದವರಿಗೆ ಬಂದದ್ದು 686. ಹಾಗಾಗಿ ಹಿಂದಿನ ವರ್ಷಗಳೊಂದಿಗೆ ಹೋಲಿಸುವುದಾದರೆ ರ್‍ಯಾಂಕನ್ನು ರ್‍ಯಾಂಕಿನೊಂದಿಗೆ ಹೋಲಿಸಿ, ಅಂಕವನ್ನು ಅಂಕದೊಂದಿಗೆ ಹೋಲಿಸಬೇಡಿ. ರ್‍ಯಾಂಕ್ ಬರುವ ತನಕ ಯಾರು ಏನೇ ಹೇಳಿದರೂ ಅದು ಅಂದಾಜಿನ ಮೇಲೊಂದು ಅಂದಾಜು. ಇನ್ನೊಂದು ಮಾತು: ಎಂಜಿನಿಯರಿಂಗ್, ಕೃಷಿ ವಿಜ್ಞಾನ, ಪಶುವೈದ್ಯಕೀಯ, ಫಾರ್ಮಸಿ ಇವೆಲ್ಲಕ್ಕೂ ಬೇರೆ ಬೇರೆ ರ್‍ಯಾಂಕ್ ಇರುತ್ತದೆ, ಒಂದರ ರ್‍ಯಾಂಕನ್ನು ಇನ್ನೊಂದರ ಕಟ್ ಆಫ್ ಪಟ್ಟಿಯಲ್ಲಿ ಹುಡುಕಿ ಎದೆಗುಂದಿದವರನ್ನು ನೋಡಿದ್ದೇನೆ.

ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಸೀಟು ಹಂಚಿಕೆಯ ಪ್ರತಿ ಸುತ್ತಿನ ನಂತರ ಕಾಲೇಜುವಾರು, ವಿಭಾಗವಾರು, ಪ್ರವರ್ಗವಾರು ಕಟ್ ಆಫ್ ರ್‍ಯಾಂಕುಗಳನ್ನು ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ. ಆ ಕಾಲೇಜಿನ ಆ ವಿಭಾಗದಲ್ಲಿ ಆ ಪ್ರವರ್ಗದಡಿ ಕೊನೆಯದಾಗಿ ಸೀಟು ಪಡೆದ ವಿದ್ಯಾರ್ಥಿಯ ರ್‍ಯಾಂಕೇ ಕಟ್ ಆಫ್. ಪಟ್ಟಿಯನ್ನು ಓದುವಾಗ ಯಾವ ಸುತ್ತಿನದು, ಯಾವ ಕಾಲಂ ಎಂಬ ಎರಡನ್ನು ನೋಡದಿದ್ದರೆ ಉಳಿದುದೆಲ್ಲ ವ್ಯರ್ಥ. ಜಿಎಂ ಎಂದರೆ ಸಾಮಾನ್ಯ ಅರ್ಹತೆ; ಜಿಎಂಆರ್ ಎಂದರೆ ಅದರೊಳಗಿನ ಗ್ರಾಮೀಣ ಮೀಸಲು; ಜಿಎಂಕೆ ಎಂದರೆ ಕನ್ನಡ ಮಾಧ್ಯಮದ ಮೀಸಲು. ಹಿಂದುಳಿದ ವರ್ಗಗಳ 2ಎ ಪ್ರವರ್ಗಕ್ಕೆ 2ಎಜಿ, 2ಎಆರ್, 2ಎಕೆ ಎಂದಿರುವಂತೆ ಪ್ರತಿ ಪ್ರವರ್ಗಕ್ಕೂ ಹೀಗೆಯೇ ಕವಲುಗಳಿವೆ. ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದ 2ಎ ಪ್ರವರ್ಗದ ಮಗುವೊಂದು ಜಿಎಂ, 2ಎಜಿ, 2ಎಆರ್, 2ಎಕೆ ಈ ಎಲ್ಲ ಕಾಲಂಗಳನ್ನೂ ನೋಡಬೇಕು, ಏಕೆಂದರೆ ಮೀಸಲಾತಿಗೆ ಅರ್ಹರಾದವರು ಸಾಮಾನ್ಯ ಸೀಟಿಗೂ ಅರ್ಹರೇ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ ನಮ್ಮಲ್ಲೇ ಓದಿದ ಒಬ್ಬ ಹುಡುಗಿ ತಂದೆಯೊಂದಿಗೆ ನನ್ನ ಬಳಿ ಬಂದು ಇದೇ ಪ್ರಶ್ನೆ ಕೇಳಿದಳು. ಆ ದಿನ ಕೆಲಸದ ಗಡಿಬಿಡಿಯಲ್ಲಿದ್ದ ನಾನು ಹಿಂದಿನ ವರ್ಷದ ಮೊದಲ ಸುತ್ತಿನ ಪಟ್ಟಿಯನ್ನು ತೆಗೆದು, ಜಿಎಂ ಕಾಲಂ ಒಂದನ್ನೇ ನೋಡಿ, "ಕಷ್ಟ ಇದೆ ಕಣಮ್ಮ" ಎಂದೆ. ಅವಳು ನನ್ನ ಮಾತನ್ನು ನಂಬಿ ಆಯ್ಕೆಗಳ ಪಟ್ಟಿಯಲ್ಲಿ ಯುವಿಸಿಇಯನ್ನು ನಮೂದಿಸಲೇ ಇಲ್ಲ. ಕೊನೆಯ ಸುತ್ತಿನ ಕಟ್ ಆಫ್ ಪ್ರಕಟವಾದಾಗ, ಅವಳ ಪ್ರವರ್ಗದ ಗ್ರಾಮೀಣ ಕಾಲಂನಲ್ಲಿ ಅವಳಿಗಿಂತ ಕೆಳಗಿನ ರ್‍ಯಾಂಕಿನವರಿಗೆ ಅವಳು ಬಯಸಿದ್ದ ವಿಭಾಗದಲ್ಲೇ ಸೀಟು ಸಿಕ್ಕಿತ್ತು. ಅವಳು ಖಾಸಗಿ ಕಾಲೇಜೊಂದಕ್ಕೆ ಸೇರಿದಳು; ತಂದೆ ಅದಕ್ಕಾಗಿ ಸಾಲ ಮಾಡಿದರು. ಅವರಿಬ್ಬರೂ ನನ್ನನ್ನು ಒಂದು ಮಾತೂ ಆಡಲಿಲ್ಲ. ಆ ತಪ್ಪು ನನ್ನದು. ಅಂದಿನಿಂದ ಅಂಕಿಗಳನ್ನು ಎದುರಿಗಿಟ್ಟುಕೊಳ್ಳದೆ ಯಾವ ಮಗುವಿಗೂ "ಆಗುವುದಿಲ್ಲ" ಎಂದು ನಾನು ಹೇಳಿಲ್ಲ.

ಹಾಗೆಂದು ಒಂದೇ ವರ್ಷದ ಕಟ್ ಆಫನ್ನು ಗೆರೆ ಎಂದು ತಿಳಿಯುವುದೂ ತಪ್ಪು. ಲೆಕ್ಕ ಸುಲಭವಾಗಲೆಂದು ಒಂದು ವಿಭಾಗದಲ್ಲಿ 60 ಸೀಟುಗಳಿವೆ ಎಂದುಕೊಳ್ಳೋಣ. 2ಎ ಪ್ರವರ್ಗದ ಶೇ. 15 ಎಂದರೆ 9 ಸೀಟು. ಅದರೊಳಗೆ ಗ್ರಾಮೀಣ ಮೀಸಲು ಶೇ. 15, ಅಂದರೆ ಒಂದಕ್ಕಿಂತ ಸ್ವಲ್ಪ ಹೆಚ್ಚು. ಕನ್ನಡ ಮಾಧ್ಯಮದ ಶೇ. 5 ಎಂದರೆ ಅರ್ಧ ಸೀಟೂ ಇಲ್ಲ. ಒಂದೇ ಸೀಟು ಇರುವ ಕಾಲಂನ ಕಟ್ ಆಫ್ ಎಂದರೆ ಆ ವರ್ಷ ಆ ಸೀಟನ್ನು ಬಯಸಿದ ಒಬ್ಬ ವಿದ್ಯಾರ್ಥಿಯ ರ್‍ಯಾಂಕ್, ಅಷ್ಟೆ. ಆ ವಿದ್ಯಾರ್ಥಿ ಬೇರೆ ಕಾಲೇಜನ್ನು ಇಷ್ಟಪಟ್ಟಿದ್ದರೆ ಅಂಕಿ ಸಾವಿರಗಟ್ಟಲೆ ಬದಲಾಗುತ್ತಿತ್ತು. ಜಿಎಂ ಕಾಲಂನಲ್ಲಿ ಸೀಟುಗಳು ಹೆಚ್ಚು, ಆದ್ದರಿಂದ ಅಲ್ಲಿ ಏರಿಳಿತ ಕಡಿಮೆ. ಕವಲುಗಳಲ್ಲಿ ಸೀಟು ಕಡಿಮೆಯಾದಷ್ಟೂ ಏರಿಳಿತ ಹೆಚ್ಚು.

ಆದ್ದರಿಂದ ಕನಿಷ್ಠ ಮೂರು ವರ್ಷಗಳ ಕೊನೆಯ ಸುತ್ತಿನ ಅಂಕಿಗಳನ್ನು ಒಂದು ಹಾಳೆಯಲ್ಲಿ ಸಾಲಾಗಿ ಬರೆದುಕೊಳ್ಳಿ. ಅವು 3,100, 3,900, 3,400 ಎಂದಿವೆ ಎಂದುಕೊಳ್ಳೋಣ. ಇವು ಯಾವ ಕಾಲೇಜಿನ ಅಂಕಿಗಳೂ ಅಲ್ಲ, ಬಗೆ ತೋರಿಸಲು ನಾನು ಬರೆದುಕೊಂಡವು. ನಿಮ್ಮ ಮಗುವಿನ ರ್‍ಯಾಂಕ್ 2,500 ಆಗಿದ್ದರೆ, ಅತ್ಯಂತ ಬಿಗಿಯಾಗಿದ್ದ ವರ್ಷದಲ್ಲೂ ಸೀಟು ಸಿಗುತ್ತಿತ್ತು, ಧೈರ್ಯವಾಗಿರಬಹುದು. 3,600 ಆಗಿದ್ದರೆ ಒಂದು ವರ್ಷ ಸಿಗುತ್ತಿತ್ತು, ಎರಡು ವರ್ಷ ಸಿಗುತ್ತಿರಲಿಲ್ಲ. ಆಸೆ ಇರಲಿ, ಜೊತೆಗೆ ಇನ್ನೊಂದು ದಾರಿಯೂ ಸಿದ್ಧವಿರಲಿ. 6,000 ಆಗಿದ್ದರೆ ಮೂರೂ ವರ್ಷ ದೂರವೇ. ಇದಕ್ಕಿಂತ ನಿಖರವಾಗಿ "ಶೇ. 83ರಷ್ಟು ಅವಕಾಶ" ಎಂದು ಯಾರಾದರೂ ಹೇಳಿದರೆ, ಯಾವ ಯಾವ ವರ್ಷಗಳ, ಯಾವ ಕಾಲಂನ, ಯಾವ ಸುತ್ತಿನ ಅಂಕಿಗಳಿಂದ ಹಾಗೆ ಹೇಳುತ್ತಿದ್ದಾರೆ ಎಂದು ಕೇಳಿ. ಕಂಪ್ಯೂಟರ್ ಸೈನ್ಸ್‌ಗೂ ಸಿವಿಲ್‌ಗೂ ಒಂದೇ ಕಾಲೇಜಿನಲ್ಲಿ ಕಟ್ ಆಫ್ ಅಜಗಜಾಂತರ ಇರುವುದರಿಂದ, ಈ ಲೆಕ್ಕವನ್ನು ಪ್ರತಿ ವಿಭಾಗಕ್ಕೂ ಬೇರೆಯಾಗಿ ಮಾಡಬೇಕು. ಮೇಲಿನ ರ್‍ಯಾಂಕಿನ ಮಕ್ಕಳಲ್ಲಿ ಕೆಲವರು ಐಐಟಿಗಳಿಗೋ ಸುರತ್ಕಲ್ಲಿನ ಎನ್‌ಐಟಿಗೋ ಹೊರಟುಹೋಗುವುದರಿಂದ ಮುಂದಿನ ಸುತ್ತುಗಳಲ್ಲಿ ಸೀಟುಗಳು ತೆರವಾಗುತ್ತವೆ ಎಂಬುದನ್ನೂ ಗಮನದಲ್ಲಿಡಿ.

ಈಗ ಆಯ್ಕೆಗಳನ್ನು ನಮೂದಿಸುವ ಕ್ರಮಕ್ಕೆ ಬರುತ್ತೇನೆ. ನಮ್ಮಲ್ಲಿ ಬಲವಾಗಿ ಬೇರೂರಿರುವ ಒಂದು ಭಯವಿದೆ: ಸಿಗದಿರಬಹುದಾದ ಕಾಲೇಜನ್ನು ಮೊದಲು ಹಾಕಿದರೆ ಆಯ್ಕೆ ವ್ಯರ್ಥವಾಗಿ, ಸಿಗಬಹುದಾದ ಕಾಲೇಜೂ ಕೈತಪ್ಪುತ್ತದೆ ಎಂಬುದು. ಇದು ನಿಜವಲ್ಲ. ಸೀಟು ಹಂಚಿಕೆಯಲ್ಲಿ ರ್‍ಯಾಂಕಿನ ಕ್ರಮದಲ್ಲಿ ಒಬ್ಬೊಬ್ಬರ ಪಟ್ಟಿಯನ್ನೂ ಮೇಲಿನಿಂದ ಕೆಳಕ್ಕೆ ನೋಡಿ, ಅವರ ಸರದಿ ಬಂದಾಗ ಖಾಲಿ ಇರುವ ಮೊದಲ ಆಯ್ಕೆಯನ್ನು ಕೊಡಲಾಗುತ್ತದೆ. ಮೊದಲ ಐದು ಆಯ್ಕೆಗಳು ತುಂಬಿಹೋಗಿದ್ದರೆ ಆರನೆಯದನ್ನು ನೋಡುತ್ತಾರೆ. ಮೇಲೆ ಐದು ಬರೆದಿದ್ದಕ್ಕೆ ಆರನೆಯದರಲ್ಲಿ ನಿಮ್ಮ ಮಗು ಹಿಂದೆ ಬೀಳುವುದಿಲ್ಲ. ಹಾಗಾಗಿ ಸಾಧ್ಯತೆಯ ಲೆಕ್ಕವನ್ನು ಪಟ್ಟಿ ಎಷ್ಟು ಉದ್ದವಿರಬೇಕು, ಕೆಳಗೆ ಯಾವ ಕಾಲೇಜುಗಳಿರಬೇಕು ಎಂದು ತೀರ್ಮಾನಿಸಲು ಬಳಸಿ. ಮೇಲಿನಿಂದ ಕೆಳಗಿನ ಕ್ರಮ ಮಾತ್ರ ಮಗುವಿನ ಇಷ್ಟದ ಕ್ರಮವೇ ಆಗಿರಲಿ. 6,000 ರ್‍ಯಾಂಕಿನ ಮಗುವೂ ಯುವಿಸಿಇಯನ್ನು ಮೊದಲಿಗೆ ಬರೆಯಬಹುದು, ಅದರಿಂದ ಕಳೆದುಕೊಳ್ಳುವುದು ಏನೂ ಇಲ್ಲ. ಆದರೆ ಕೆಳಗೆ ದಾವಣಗೆರೆಯ ಬಿಡಿಟಿ ಕಾಲೇಜು, ಹಾಸನ, ರಾಮನಗರ, ಕೆ.ಆರ್. ಪೇಟೆ, ಚಾಮರಾಜನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳಂಥವು ಇರಲಿ. ಅವನ್ನು ಬರೆಯಲು ಸಂಕೋಚಪಟ್ಟು ಪಟ್ಟಿಯನ್ನು ಅರ್ಧಕ್ಕೇ ನಿಲ್ಲಿಸಿದವರು ಮೊದಲ ಸುತ್ತಿನಲ್ಲಿ ಬರಿಗೈಯಲ್ಲಿ ಉಳಿದದ್ದನ್ನು ಕಂಡಿದ್ದೇನೆ.

ಒಂದು ಎಚ್ಚರಿಕೆ ಮಾತ್ರ ಬೇಕು. ಸಿಕ್ಕರೆ ಸೇರುವುದಿಲ್ಲ ಎನ್ನಿಸುವ ಕಾಲೇಜನ್ನು ಮೇಲೆ ಬರೆಯಬೇಡಿ, ಏಕೆಂದರೆ ಒಂದು ಸೀಟು ಹಂಚಿಕೆಯಾದ ಕೂಡಲೇ ಅದಕ್ಕಿಂತ ಕೆಳಗಿನ ಆಯ್ಕೆಗಳೆಲ್ಲ ಮುಗಿದಂತೆ. ಮೊದಲ ಸುತ್ತಿನ ನಂತರ ಕೇಳುವ ನಾಲ್ಕು ಆಯ್ಕೆಗಳ ಅರ್ಥವನ್ನೂ ಮುಂಚೆಯೇ ತಿಳಿದಿರಿ: ಮೊದಲನೆಯದು ಸೀಟನ್ನು ಒಪ್ಪಿ ಕಾಲೇಜಿಗೆ ಸೇರುವುದು, ಎರಡನೆಯದು ಸೀಟನ್ನು ಉಳಿಸಿಕೊಂಡು ಮೇಲಿನ ಆಯ್ಕೆಗಾಗಿ ಮುಂದಿನ ಸುತ್ತಿಗೆ ಹೋಗುವುದು, ಮೂರನೆಯದು ಸೀಟನ್ನು ಬಿಟ್ಟುಕೊಟ್ಟು ಮುಂದಿನ ಸುತ್ತಿಗೆ ಹೋಗುವುದು, ನಾಲ್ಕನೆಯದು ಇಡೀ ಪ್ರಕ್ರಿಯೆಯಿಂದಲೇ ಹೊರಬರುವುದು. ಎರಡನೆಯದನ್ನು ಆರಿಸಿದವರಿಗೆ ಮೇಲಿನ ಸೀಟು ಸಿಕ್ಕರೆ ಹಳೆಯ ಸೀಟು ತಾನಾಗಿಯೇ ರದ್ದಾಗುತ್ತದೆ. ಮೂರನೆಯದನ್ನು ಆರಿಸುವ ಮುನ್ನ ಮೂರು ವರ್ಷಗಳ ಆ ಹಾಳೆಯನ್ನು ಇನ್ನೊಮ್ಮೆ ನೋಡಿ. ಮೊದಲ ಸುತ್ತಿಗೂ ಮುಂಚೆ ನಡೆಯುವ ಅಣಕು ಹಂಚಿಕೆಯ ಫಲಿತಾಂಶ ಒಳ್ಳೆಯ ಸೂಚನೆ. ಆದರೆ ಅದರ ನಂತರ ಎಲ್ಲರೂ ಆಯ್ಕೆಗಳನ್ನು ತಿದ್ದಿಕೊಳ್ಳುವುದರಿಂದ ಅದನ್ನೇ ಸೀಟು ಸಿಕ್ಕಿತೆಂದು ಹಬ್ಬ ಮಾಡುವುದು ಬೇಡ.

ದಾಖಲೆಗಳು ಸರಿಯಿಲ್ಲದಿದ್ದರೆ ಮೇಲಿನ ಲೆಕ್ಕವೆಲ್ಲ ಸುಳ್ಳಾಗುತ್ತದೆ. ಗ್ರಾಮೀಣ ವ್ಯಾಸಂಗ ಮತ್ತು ಕನ್ನಡ ಮಾಧ್ಯಮ ಪ್ರಮಾಣಪತ್ರಗಳಿಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಇರಬೇಕು. ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯನ್ನು ಅರ್ಜಿಯಲ್ಲಿ ಸರಿಯಾಗಿ ನಮೂದಿಸಿರಬೇಕು. ಸೀಟು ಕೊಡಿಸುತ್ತೇವೆಂದು ಮನೆಗೆ ಬರುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ, ಮಗುವಿನ ಲಾಗಿನ್ ಪಾಸ್‌ವರ್ಡ್ ಯಾರಿಗೂ ಹೇಳಬೇಡಿ. ಸರ್ಕಾರಿ ಕೋಟಾದ ಸೀಟನ್ನು ಕೊಡುವುದು ರ್‍ಯಾಂಕ್ ಮತ್ತು ಪಟ್ಟಿ. ನಡುವೆ ಯಾರಿಗೂ ಜಾಗವಿಲ್ಲ.

ಮಕ್ಕಳೊಂದಿಗೆ ಮಾತನಾಡುವಾಗ, ಈ ಲೆಕ್ಕ ಸೀಟುಗಳ ಲೆಕ್ಕವೆಂದೇ ಹೇಳಿ. 3,400ರಲ್ಲಿ ನಿಂತ ಕಟ್ ಆಫ್‌ಗೆ 3,450ರ ಮಗು ಹೊರಗುಳಿದರೆ, ಒಳಗೆ ಹೋದವರಿಗಿಂತ ಅದು ಕಡಿಮೆ ಓದಿದೆ ಎಂದು ಅರ್ಥವಲ್ಲ. ಆ ವರ್ಷ ಅಷ್ಟೇ ಸೀಟುಗಳಿದ್ದವು ಎಂದು ಅರ್ಥ.

ರ್‍ಯಾಂಕ್ ಪ್ರಕಟವಾದ ಮರುದಿನದಿಂದ ಆಯ್ಕೆ ನಮೂದು ಮುಗಿಯುವವರೆಗೆ, ಭಾನುವಾರವೂ ಸೇರಿದಂತೆ, ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಕಾಲೇಜಿನ ಕಂಪ್ಯೂಟರ್ ಕೊಠಡಿ ತೆರೆದಿರುತ್ತದೆ. ಗಣಿತ ವಿಭಾಗದ ಉಪನ್ಯಾಸಕರೂ ನಾನೂ ಅಲ್ಲಿರುತ್ತೇವೆ. ಹಿಂದಿನ ಮೂರು ವರ್ಷಗಳ ಕೊನೆಯ ಸುತ್ತಿನ ಕಟ್ ಆಫ್ ಪಟ್ಟಿಗಳನ್ನು ಮುದ್ರಿಸಿ ಇಟ್ಟಿರುತ್ತೇವೆ. ಬರುವಾಗ ಪಿಯುಸಿ ಅಂಕಪಟ್ಟಿ, ರ್‍ಯಾಂಕ್ ವಿವರ, ಮೇಲೆ ಹೇಳಿದ ಪ್ರಮಾಣಪತ್ರಗಳು ಮತ್ತು ಮಗು ತನ್ನ ಕೈಯಾರೆ ಇಷ್ಟದ ಕ್ರಮದಲ್ಲಿ ಬರೆದ ಕಾಲೇಜುಗಳ ಪಟ್ಟಿಯನ್ನು ತನ್ನಿ. ತೋಟದ ಕೆಲಸದಿಂದಾಗಿ ಹಗಲು ಬರಲಾಗದವರು ಕಚೇರಿಗೆ ಒಂದು ಫೋನ್ ಮಾಡಿ ತಿಳಿಸಿದರೆ ಸಂಜೆ 7ರವರೆಗೂ ಕಾಯುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಪ್ರಾಂಶುಪಾಲರು